ಗಂಟೆಗೆ ಸಿಕ್ಕಿಕೊಂಡ ಕಾಗದದ ಚೂರು

ಹಳೆಯ ಚಿತ್ರಗಳನ್ನು ಮತ್ತೆ ತೆಗೆಯುವ ಚಾಳಿ ಎಲ್ಲ ಭಾಷೆಗಳಲ್ಲೂ ಇದೆ. ಹೊಸದಕ್ಕೆ ಹೊಳಪು ಹೆಚ್ಚು. ಹಳೆಯದರ ತಿರುಳು ಅದರಲ್ಲಿ ಉಳಿದಿದೆಯೇ ಎಂಬುದೇ ಪ್ರಶ್ನೆ. ‘ದಿ ಆಂಡ್ರೊಮಿಡಾ ಸ್ಟ್ರೇನ್’ ಎಂಬ 1971ರ ಅಮೆರಿಕನ್ ಚಿತ್ರವನ್ನೂ ಅದೇ ಹೆಸರಿನ 2008ರ ಟೆಲಿವಿಷನ್ ಧಾರಾವಾಹಿಯನ್ನೂ ಎರಡು ಭಾನುವಾರ ಮನೆಮಂದಿಯೊಡನೆ ಕುಳಿತು ನೋಡಿದೆವು. ಕಾಲೇಜಿಗೆ ಹೋಗುವ ಮಗನ ಮತ ಧಾರಾವಾಹಿಗೆ, ನಮ್ಮದು ಚಿತ್ರಕ್ಕೆ. ಅದಕ್ಕೆ ಕಾರಣ ಕೊಡುವುದು ನ್ಯಾಯ.

ಎರಡಕ್ಕೂ ಆಧಾರ ಮೈಕಲ್ ಕ್ರೈಟನ್ ಅವರು 1969ರಲ್ಲಿ ಪ್ರಕಟಿಸಿದ ಕಾದಂಬರಿ. ಅದೇ ವರ್ಷ ಚಂದ್ರನಿಂದ ಮರಳಿದ ಅಪೊಲೊ 11ರ ಯಾತ್ರಿಗಳನ್ನು, ರೋಗಾಣು ತಂದಿರಬಹುದೆಂಬ ಶಂಕೆಯಿಂದ, ಪ್ರತ್ಯೇಕವಾಗಿ ಇರಿಸಿದ್ದರು. ಹೀಗಾಗಿ ಕತೆಯ ಭಯ ಬರಿಯ ಕಲ್ಪನೆಯದಲ್ಲ. ಪೀಡ್‌ಮಾಂಟ್ ಎಂಬ ಪುಟ್ಟ ಊರಿನಲ್ಲಿ ಉಪಗ್ರಹವೊಂದು ಬೀಳುತ್ತದೆ. ಊರಿಗೆ ಊರೇ ಸಾಯುತ್ತದೆ. ಉಳಿಯುವವರು ಒಬ್ಬ ಕುಡುಕ ಮುದುಕ, ಒಂದು ಹಸುಗೂಸು. ಇವರೇಕೆ ಬದುಕಿದರು? ನೆವಾಡದ ನೆಲದಡಿಯ ಐದಂತಸ್ತಿನ ಪ್ರಯೋಗಶಾಲೆಯಲ್ಲಿ ನಾಲ್ವರು ವಿಜ್ಞಾನಿಗಳು ಇದನ್ನು ಹುಡುಕುತ್ತಾರೆ.

‘ದಿ ಸೌಂಡ್ ಆಫ್ ಮ್ಯೂಸಿಕ್’ ನಿರ್ದೇಶಿಸಿದ ರಾಬರ್ಟ್ ವೈಸ್ ಅವರೇ ಈ ಚಿತ್ರದ ನಿರ್ದೇಶಕರು. ಹೆಸರಾಂತ ತಾರೆಯರಿಲ್ಲ, ಪ್ರೇಮಗೀತೆಯಿಲ್ಲ. ಉತ್ತರ ದೊರೆಯುವುದು ಬಿ.ಎಸ್ಸಿ. ತರಗತಿಯ ರಸಾಯನಶಾಸ್ತ್ರದಲ್ಲಿ. ಮಗು ಸತತ ಅತ್ತು ಅತ್ತು ಅದರ ರಕ್ತ ಕ್ಷಾರವಾಗಿತ್ತು. ಕಳಪೆ ಮದ್ಯಸಾರ ಕುಡಿದು ಆಸ್ಪಿರಿನ್ ನುಂಗುತ್ತಿದ್ದ ಮುದುಕನದು ಆಮ್ಲವಾಗಿತ್ತು. ಆ ಜೀವಿ ಬೆಳೆಯುವುದು ಇವೆರಡರ ನಡುವಿನ ಕಿರಿದಾದ ಮಿತಿಯಲ್ಲಿ ಮಾತ್ರ.

ಆದರೆ ಚಿತ್ರದ ನಿಜವಾದ ಹಿರಿಮೆ ಅದು ತೋರಿಸುವ ತಪ್ಪುಗಳಲ್ಲಿದೆ. ಟೆಲಿಪ್ರಿಂಟರಿನ ಗಂಟೆಗೂ ಅದರ ನಾಲಗೆಗೂ ನಡುವೆ ಕಾಗದದ ಚೂರೊಂದು ಸಿಕ್ಕಿಕೊಂಡು ಗಂಟೆ ಬಾರಿಸುವುದೇ ಇಲ್ಲ. ಊರಿನ ಮೇಲೆ ಅಣುಬಾಂಬು ಹಾಕುವುದನ್ನು ಅಧ್ಯಕ್ಷರು ಮುಂದೂಡಿದ ಸುದ್ದಿ ವಿಜ್ಞಾನಿಗಳಿಗೆ ಮುಟ್ಟುವುದಿಲ್ಲ. ಕೋಟಿಗಟ್ಟಲೆ ಹಣದ ಪ್ರಯೋಗಶಾಲೆ, ಕೈಕೊಟ್ಟದ್ದು ಬೆರಳಗಲದ ಕಾಗದ! ಇಪ್ಪತ್ತು ವರ್ಷ ಟಪಾಲು ನೋಡಿದ ನಮಗೆ ಇದರಲ್ಲಿ ಉತ್ಪ್ರೇಕ್ಷೆ ಕಾಣಲಿಲ್ಲ.

ಎರಡನೆಯ ತಪ್ಪು ಡಾ. ರೂತ್ ಲೆವಿಟ್ಟಳದು. ಕಾದಂಬರಿಯಲ್ಲಿ ಗಂಡಸಾಗಿದ್ದ ಈ ಪಾತ್ರವನ್ನು ಚಿತ್ರದಲ್ಲಿ ಹೆಂಗಸಾಗಿ ಮಾಡಿ ಕೇಟ್ ರೀಡ್ ಅವರಿಗೆ ಕೊಟ್ಟಿದ್ದಾರೆ. ಆಕೆಗೆ ಅಪಸ್ಮಾರ, ಕೆಲಸ ಹೋದೀತೆಂದು ಬಚ್ಚಿಟ್ಟಿದ್ದಾಳೆ. ಮಿನುಗುವ ಕೆಂಪು ದೀಪಕ್ಕೆ ಮೈಮರೆತು, ಜೀವಿ ಬೆಳೆಯದೆ ಹೋದ ಮುಖ್ಯ ಫಲಿತಾಂಶವನ್ನೇ ಕಾಣದೆ ಬಿಡುತ್ತಾಳೆ.

ಈ ದೃಶ್ಯದಲ್ಲಿ ನಾವು ಮಗನತ್ತ ನೋಡಲಿಲ್ಲ. 2020ರಲ್ಲಿ ಮೈ ಬೆಚ್ಚಗಿದ್ದರೂ ರಜೆ ಉಳಿಸುವ ಲೆಕ್ಕದಲ್ಲಿ ಎರಡು ದಿನ ಕಚೇರಿಗೆ ಹೋದವರು ನಾವು. ಪಕ್ಕದ ಮೇಜಿನವರು ಮೂರು ವಾರ ಆಸ್ಪತ್ರೆಯಲ್ಲಿದ್ದು ಬಂದರು. ಅವರಿಗೆ ಕೊರೋನಾ ನಮ್ಮಿಂದಲೇ ತಗುಲಿತೆನ್ನಲು ಆಧಾರವಿಲ್ಲ. ಅಲ್ಲವೆನ್ನಲು ಧೈರ್ಯವೂ ಇಲ್ಲ. ಲೆವಿಟ್ಟಳನ್ನು ದೂರುವ ಅರ್ಹತೆ ನಮಗಿಲ್ಲ.

ಧಾರಾವಾಹಿಯಲ್ಲಿ ಇಂಥ ಸಣ್ಣ ತಪ್ಪುಗಳಿಗೆ ಬೆಲೆಯಿಲ್ಲ. ಮಿಕಾಯೆಲ್ ಸಾಲೋಮನ್ ನಿರ್ದೇಶಿಸಿದ ಇದು ಎರಡು ಕಂತಿನಲ್ಲಿ ಪ್ರಸಾರವಾಯಿತು. ನಟವರ್ಗ ಸಮರ್ಥವಾಗಿದೆ, ವಯೋಲಾ ಡೇವಿಸ್‌ರಂಥವರಿದ್ದಾರೆ. ಗುಟ್ಟನ್ನು ಬೆನ್ನಟ್ಟುವ ಪತ್ರಕರ್ತನಿದ್ದಾನೆ. ಸಮುದ್ರತಳದ ಗಣಿಗಾರಿಕೆಯ ಪ್ರಶ್ನೆ ಎತ್ತಿರುವುದು ಮೆಚ್ಚತಕ್ಕದ್ದೇ. ಆದರೆ ಇಲ್ಲಿ ಅನಾಹುತಕ್ಕೆ ಕಾರಣ ಮೇಲಿನವರ ಪಿತೂರಿ. ಪರಿಹಾರದ ಸುಳಿವು ಭವಿಷ್ಯದಿಂದ ಬಂದ ಸಂದೇಶ! ತಪ್ಪೆಲ್ಲ ಖಳರದು, ಬುದ್ಧಿಯೆಲ್ಲ ಮುಂದಿನವರದು ಎಂದಾದ ಮೇಲೆ ನೋಡುವವನಿಗೆ ಉಳಿಯುವ ಹೊಣೆಯೇನು?

ಚಿತ್ರ ನಿರ್ದೋಷಿಯೆಂದಲ್ಲ. ಮೊದಲರ್ಧ ನಿಧಾನ. ಅಣುಬಾಂಬನ್ನು ತಡೆಯುವ ಕೀಲಿಕೈಗೆ ಅವಿವಾಹಿತ ಗಂಡಸೇ ತಕ್ಕವನೆಂಬ ತರ್ಕ ಕೇಳಿ ನಮ್ಮ ಮನೆಯವರು ನಕ್ಕುಬಿಟ್ಟರು. ಆದರೂ ವಾಚಕರು ಮಕ್ಕಳೊಡನೆ ಎರಡನ್ನೂ ನೋಡಲಿ. ಹಳೆಯದನ್ನು ಮೊದಲು ನೋಡಲಿ. ಧಾರಾವಾಹಿ ಮುಗಿದಾಗ ಮಗ ಅದರ ತಂತ್ರಗಳನ್ನು ವಿವರಿಸಿದ. ಚಿತ್ರ ಮುಗಿದಾಗ ಕೇಳಿದ್ದು ಒಂದೇ ಮಾತು: “ಅಪ್ಪಾ, ಆಗ ನೀವು ಯಾಕೆ ಹೇಳಲಿಲ್ಲ?”