ಸೋಲುತ್ತಿರುವ ತಂಡಕ್ಕೆ ಎಂಥ ಎಂಜಿನಿಯರ್ ಬೇಕು?

ಫಾರ್ಮುಲಾ ಒನ್‌ನಲ್ಲಿ ಒಂದು ತಂಡ ಮೇಲಿಂದ ಮೇಲೆ ಸೋಲತೊಡಗಿತೆಂದರೆ ಒಡೆಯರ ಕಣ್ಣು ಬಹುಬೇಗ ಟೆಕ್ನಿಕಲ್ ಡೈರೆಕ್ಟರ್ ಕುರ್ಚಿಯ ಮೇಲೆ ಬೀಳುತ್ತದೆ. ಅಲ್ಲಿ ಕೂತವರನ್ನು ಎಬ್ಬಿಸಿ, ಗೆಲ್ಲುವ ತಂಡದಿಂದ ದೊಡ್ಡ ಹೆಸರಿನವರೊಬ್ಬರನ್ನು ಕರೆತರುವ ಮಾತು ಶುರುವಾಗುತ್ತದೆ. ಸೂಲಿಬೆಲೆಯಲ್ಲಿ ಭಾನುವಾರ ಸಂಜೆ ನನ್ನ ಜೊತೆ ಕೂತು ರೇಸು ನೋಡುವ ಹುಡುಗರೂ ಅದನ್ನೇ ಕೇಳುತ್ತಾರೆ: "ಅಣ್ಣ, ಅವರು ಬಂದ್ರೆ ಮುಂದಿನ ವರ್ಷ ಗೆದ್ದೇ ಗೆಲ್ತಾರಲ್ವಾ?" ಇಲ್ಲ ಎಂಬುದೇ ನನ್ನ ಉತ್ತರ. ಯಾಕೆ ಇಲ್ಲ ಎಂದು ತಿಳಿಯಲು, ಹತ್ತು ವರ್ಷ ಬೆಂಗಳೂರಿನ ಉದ್ಯಮಿಯೊಬ್ಬರ ಕೈಯಲ್ಲಿದ್ದ ಫೋರ್ಸ್ ಇಂಡಿಯಾ ತಂಡದ ಕಥೆಯೇ ಸಾಕು.

ಮೊದಲು ಈ ಕುರ್ಚಿಯ ಕೆಲಸ ಏನೆಂದು ನೋಡೋಣ. ಟೆಕ್ನಿಕಲ್ ಡೈರೆಕ್ಟರ್ ತಾನೇ ಕೂತು ಕಾರಿನ ನಕ್ಷೆ ಬರೆಯಬೇಕಾಗಿಲ್ಲ. ಅದಕ್ಕೆ ನೂರಾರು ಮಂದಿ ಇರುತ್ತಾರೆ. ಗಾಳಿಯ ಹರಿವು ನೋಡುವವರಿಗೆ ಕಾರಿನ ಪಕ್ಕೆ ಸಣ್ಣದಾಗಬೇಕು, ಎಂಜಿನ್ ತಂಪಾಗಿಡುವವರಿಗೆ ಅದೇ ಜಾಗದಲ್ಲಿ ದೊಡ್ಡ ರೇಡಿಯೇಟರ್ ಬೇಕು. ಸಸ್ಪೆನ್ಷನ್‌ನವರು ಕೇಳುವ ಗಟ್ಟಿತನಕ್ಕೆ ತೂಕ ನೋಡುವವರು ಒಪ್ಪುವುದಿಲ್ಲ. ಇವರೆಲ್ಲರ ನಡುವೆ ಕೂತು ಯಾರಿಗೆ ಎಷ್ಟು ಎಂದು ತೀರ್ಮಾನಿಸುವುದು, ಕಾರಿನ ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ವಿಂಡ್ ಟನಲ್‌ನ ಸಮಯವನ್ನು ಹಂಚುವುದು, ಈ ವರ್ಷದ ಕಾರಿನ ಮೇಲೆ ಕೆಲಸ ನಿಲ್ಲಿಸಿ ಮುಂದಿನ ವರ್ಷದ್ದಕ್ಕೆ ಯಾವಾಗ ಕೈ ಹಾಕಬೇಕೆಂದು ಹೇಳುವುದು ಅವರ ಕೆಲಸ. ಒಳ್ಳೆಯ ಟೆಕ್ನಿಕಲ್ ಡೈರೆಕ್ಟರ್‌ಗೆ ತನ್ನ ತಂಡದ ಯಾವ ವಿಭಾಗ ಎಷ್ಟು ಭಾರ ಹೊರಬಲ್ಲದು ಎಂಬುದು ಅಂಗೈ ಗೆರೆಯಷ್ಟು ಪರಿಚಿತವಾಗಿರುತ್ತದೆ. ಹೊರಗಿನಿಂದ ಬಂದವರಿಗೆ ಈ ಪರಿಚಯ ಮೊದಲ ದಿನವೇ ಇರಲು ಸಾಧ್ಯವಿಲ್ಲ.

ಸಮಯದ ಲೆಕ್ಕ ಇನ್ನೂ ಕಠಿಣ. ಮಾರ್ಚ್‌ನಲ್ಲಿ ಓಡುವ ಕಾರಿನ ಮುಖ್ಯ ತೀರ್ಮಾನಗಳು ಹಿಂದಿನ ವರ್ಷದ ಮಧ್ಯದಲ್ಲೇ ಆಗಿರುತ್ತವೆ. ಎದುರಾಳಿ ತಂಡದ ಹಿರಿಯ ಎಂಜಿನಿಯರ್ ರಾಜೀನಾಮೆ ಕೊಟ್ಟರೂ, ಒಳಗುಟ್ಟು ಬೇಗ ಹೊರಹೋಗದಿರಲೆಂದು ಹಳೆಯ ತಂಡ ಅವರನ್ನು ಸಂಬಳ ಕೊಟ್ಟೇ ಹಲವು ತಿಂಗಳು ಮನೆಯಲ್ಲಿ ಕೂರಿಸುತ್ತದೆ. ಹೆಸರಾಂತ ಕಾರು ವಿನ್ಯಾಸಕ ಏಡ್ರಿಯನ್ ನ್ಯೂಯಿ ರೆಡ್ ಬುಲ್ ಬಿಡುವ ಸುದ್ದಿ ಬಂದದ್ದು 2024ರ ಮೇ ತಿಂಗಳಲ್ಲಿ, ಆಸ್ಟನ್ ಮಾರ್ಟಿನ್‌ನಲ್ಲಿ ಅವರ ಕೆಲಸ ಶುರುವಾದದ್ದು 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಆ ವರ್ಷದ ಕಾರು ಸಿದ್ಧವಾಗಿ ನಿಂತಿತ್ತು. ಇವತ್ತು ಒಪ್ಪಂದಕ್ಕೆ ಸಹಿ ಹಾಕಿದವರ ಸ್ವಂತ ಕಾರನ್ನು ನಾವು ನೋಡುವ ಹೊತ್ತಿಗೆ ಒಂದೂವರೆ ಎರಡು ವರ್ಷ ಕಳೆದಿರುತ್ತದೆ.

ಈಗ ಫೋರ್ಸ್ ಇಂಡಿಯಾಕ್ಕೆ ಬರೋಣ. 2007ರ ಅಕ್ಟೋಬರಿನಲ್ಲಿ ವಿಜಯ್ ಮಲ್ಯ, ಡಚ್ ಉದ್ಯಮಿ ಮಿಕೀಲ್ ಮೋಲ್ ಜೊತೆಗೂಡಿ ಸ್ಪೈಕರ್ ತಂಡವನ್ನು 8.8 ಕೋಟಿ ಯೂರೊಗೆ ಕೊಂಡರು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಎದುರಿನಲ್ಲೇ ಕಾರ್ಖಾನೆಯಿದ್ದ ಆ ತಂಡ 1991ರಲ್ಲಿ ಜೋರ್ಡನ್ ಆಗಿ ಫಾರ್ಮುಲಾ ಒನ್‌ಗೆ ಇಳಿದಿತ್ತು. ಆಮೇಲೆ ಮಿಡ್‌ಲ್ಯಾಂಡ್, ಸ್ಪೈಕರ್ ಎಂದು ಹೆಸರೂ ಒಡೆಯರೂ ಬದಲಾಗುತ್ತ, ದುಡ್ಡು ಕರಗುತ್ತ ಬಂದಿತ್ತು. ಸ್ಪೈಕರ್ ಕಾಲದಲ್ಲೇ ಅಲ್ಲಿಗೆ ದೊಡ್ಡ ಹೆಸರೊಂದು ಬಂದಿತ್ತು: ಮೈಕ್ ಗ್ಯಾಸ್ಕೋಯ್ನ್. ರೆನೊದಲ್ಲಿ, ಟೊಯೊಟಾದಲ್ಲಿ ತಾಂತ್ರಿಕ ವಿಭಾಗ ನಡೆಸಿದವರು, ಸಂಬಳದಲ್ಲೂ ಖ್ಯಾತಿಯಲ್ಲೂ ಮುಂದಿದ್ದವರು. ಆದರೂ 2008ರಲ್ಲಿ ಫೋರ್ಸ್ ಇಂಡಿಯಾ ಗಳಿಸಿದ ಅಂಕ ಸೊನ್ನೆ. ಮೊನಾಕೊದಲ್ಲಿ ಮಳೆಯ ನಡುವೆ ತಂಡದ ಚಾಲಕ ಏಡ್ರಿಯನ್ ಸುಟಿಲ್ ನಾಲ್ಕನೇ ಸ್ಥಾನದಲ್ಲಿ ಓಡುತ್ತಿದ್ದಾಗ, ರೇಸು ಮುಗಿಯುವ ಹೊತ್ತಿಗೆ ಫೆರಾರಿಯ ಕಿಮಿ ರೈಕೊನೆನ್ ಹಿಂದಿನಿಂದ ಬಂದು ಗುದ್ದಿದರು. ಕೈಗೆ ಬಂದಿದ್ದ ಅಂಕಗಳೂ ಹೋದವು.

ಆ ವರ್ಷದ ನವೆಂಬರಿನಲ್ಲಿ ಮಲ್ಯ ಗ್ಯಾಸ್ಕೋಯ್ನ್ ಅವರನ್ನೂ ತಂಡದ ಮುಖ್ಯಸ್ಥ ಕಾಲಿನ್ ಕೋಲೆಸ್ ಅವರನ್ನೂ ಕಳಿಸಿದರು. ಅಲ್ಲಿಯವರೆಗೆ ಎಲ್ಲ ತಂಡಗಳೂ ಮಾಡುವುದನ್ನೇ ಮಾಡಿದರು. ಮೆಚ್ಚಬೇಕಾದದ್ದು ಅದರ ಮುಂದಿನ ನಡೆ. ಖಾಲಿಯಾದ ಜಾಗಕ್ಕೆ ಇನ್ನೊಂದು ದೊಡ್ಡ ಹೆಸರನ್ನು ತರಲಿಲ್ಲ. ಮೆಕ್‌ಲಾರೆನ್ ಮತ್ತು ಮರ್ಸಿಡಿಸ್ ಜೊತೆ ಐದು ವರ್ಷದ ಒಪ್ಪಂದ ಮಾಡಿಕೊಂಡು ಎಂಜಿನ್, ಗೇರ್‌ಬಾಕ್ಸ್, ಹೈಡ್ರಾಲಿಕ್ಸ್ ತರಿಸಿಕೊಂಡರು. ಗೇರ್‌ಬಾಕ್ಸ್‌ನಂಥ ಭಾಗಗಳನ್ನು ತಾವೇ ಮಾಡುವ ಹೊರೆ ಇಳಿಯಿತು. ಉಳಿದ ಕಾರನ್ನು ಮನೆಯವರ ಕೈಗೇ ಬಿಟ್ಟರು. ಟೆಕ್ನಿಕಲ್ ಡೈರೆಕ್ಟರ್ ಜೇಮ್ಸ್ ಕೀ 1998ರಲ್ಲಿ ಇದೇ ಕಾರ್ಖಾನೆಗೆ ಡೇಟಾ ಎಂಜಿನಿಯರ್ ಆಗಿ ಬಂದು, ಮೂವತ್ತಮೂರರ ಆಸುಪಾಸಿನಲ್ಲೇ ಆ ಕುರ್ಚಿಗೆ ಏರಿದವರು. ವಿನ್ಯಾಸ ವಿಭಾಗದ ಮಾರ್ಕ್ ಸ್ಮಿತ್ ಕೂಡ ಜೋರ್ಡನ್‌ನ ಮೊದಲ ಕಾರು ಕಟ್ಟಿದವರಲ್ಲಿ ಒಬ್ಬರು.

ಹೊಸ ಎಂಜಿನ್ ನಿರ್ಧಾರವಾದದ್ದು ನವೆಂಬರಿನಲ್ಲಾದ್ದರಿಂದ ಕಾರು ತಡವಾಗಿ ಸಿದ್ಧವಾಯಿತು. ಆದರೆ ವಿಜೆಎಂ02 ಎಂಬ ಆ ಕಾರು ಗಾಳಿಯನ್ನು ಕಡಿಮೆ ತಡೆಯುವ, ನೇರ ರಸ್ತೆಯಲ್ಲಿ ನುಗ್ಗುವಂಥದ್ದು. ಬೆಲ್ಜಿಯಂನ ಸ್ಪಾ ಟ್ರ್ಯಾಕಿಗೆ ಅಂಥದ್ದೇ ಬೇಕು. 2009ರ ಆಗಸ್ಟ್ 29ರಂದು ತಂಡದ ಇನ್ನೊಬ್ಬ ಚಾಲಕ ಜಾಂಕಾರ್ಲೊ ಫಿಸಿಕೆಲಾ ಅಲ್ಲಿ ಪೋಲ್, ಅಂದರೆ ಎಲ್ಲರಿಗಿಂತ ಮುಂದಿನಿಂದ ಹೊರಡುವ ಸ್ಥಾನ, ಪಡೆದರು. ಮರುದಿನ ಸೇಫ್ಟಿ ಕಾರ್ ಸರಿದ ಕೂಡಲೇ ರೈಕೊನೆನ್ ಫೆರಾರಿಯ ಕರ್ಸ್ (ಬ್ರೇಕ್ ಹಾಕಿದಾಗಿನ ಶಕ್ತಿಯನ್ನು ಕೂಡಿಟ್ಟು ಮತ್ತೆ ಬಳಸುವ ಸಾಧನ) ಬಲದಿಂದ ಮುಂದೆ ಹೋದರು. ಉಳಿದ ರೇಸಿನ ಉದ್ದಕ್ಕೂ ಫಿಸಿಕೆಲಾ ಅವರ ಬೆನ್ನು ಬಿಡದೆ, ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವರಾಗಿ ಮುಗಿಸಿದರು. ಫೋರ್ಸ್ ಇಂಡಿಯಾದ ಮೊಟ್ಟಮೊದಲ ಅಂಕಗಳು ಅವು. ಮುಂದಿನ ರೇಸು ಮೊಂಜಾದಲ್ಲಿ ಸುಟಿಲ್ ನಾಲ್ಕನೆಯವರು. ಹಿಂದಿನ ವರ್ಷ ಬರಿಗೈಯಲ್ಲಿದ್ದ ಕಾರ್ಖಾನೆಯೇ ಇದು, ಕೈಗಳೂ ಬಹುಪಾಲು ಅವೇ.

ಗೆದ್ದ ಸಣ್ಣ ತಂಡಕ್ಕೆ ಬೇರೊಂದು ಕಷ್ಟ ಬರುತ್ತದೆ. ಅದರ ಎಂಜಿನಿಯರುಗಳನ್ನು ಬೇರೆಯವರು ಸೆಳೆಯುತ್ತಾರೆ. 2010ರಲ್ಲಿ ಕೀ ಸೌಬರ್‌ಗೆ ಹೋದರು. ಅವರ ಜಾಗಕ್ಕೆ ಬಂದ ಮಾರ್ಕ್ ಸ್ಮಿತ್ 2011ರಲ್ಲಿ ಟೀಮ್ ಲೋಟಸ್‌ಗೆ ಹೋದರು. ಅಲ್ಲಿ ಗ್ಯಾಸ್ಕೋಯ್ನ್ ಮೊದಲೇ ಇದ್ದರು. ಇಷ್ಟು ಅನುಭವಿಗಳು ಸೇರಿದ ಆ ಹೊಸ ತಂಡ ಮುಂದೆ ಕೇಟರ್‌ಹ್ಯಾಮ್ ಆಗಿ 2014ರಲ್ಲಿ ಮುಚ್ಚುವವರೆಗೂ ಒಂದೇ ಒಂದು ಅಂಕ ಗಳಿಸಲಿಲ್ಲ. ಹೆಸರಿನ ಮೇಲೆ ನಂಬಿಕೆ ಇಡುವವರು ಈ ಐದು ವರ್ಷಗಳನ್ನು ಒಮ್ಮೆ ಓದಬೇಕು.

ಎರಡು ವರ್ಷದೊಳಗೆ ಇಬ್ಬರು ಹೋದರೂ ಫೋರ್ಸ್ ಇಂಡಿಯಾ ಕುಸಿಯಲಿಲ್ಲ. ಈ ಸಲವೂ ಆರಿಸಿದ್ದು ಮನೆಯನ್ನು ಬಲ್ಲವರನ್ನು. ಆಂಡ್ರೂ ಗ್ರೀನ್ 1990ರಲ್ಲೇ ಜೋರ್ಡನ್ ಸೇರಿ, ಗ್ಯಾರಿ ಆಂಡರ್ಸನ್ ಮತ್ತು ಸ್ಮಿತ್ ಜೊತೆ ಜೋರ್ಡನ್ 191 ಕಾರನ್ನು ಕಟ್ಟಿದವರು. ಮೈಕೆಲ್ ಶುಮಾಕರ್ ಫಾರ್ಮುಲಾ ಒನ್‌ಗೆ ಕಾಲಿಟ್ಟದ್ದು ಆ ಹಸಿರು ಕಾರಿನಲ್ಲೇ. ಗ್ರೀನ್ ಬಿಎಆರ್, ರೆಡ್ ಬುಲ್ ತಂಡಗಳಲ್ಲಿ ದುಡಿದು 2010ರಲ್ಲಿ ಹಳೆಯ ಕಾರ್ಖಾನೆಗೆ ಮರಳಿದರು, ಮರುವರ್ಷ ಟೆಕ್ನಿಕಲ್ ಡೈರೆಕ್ಟರ್ ಆದರು. ದೊಡ್ಡ ತಂಡ ಹೇಗೆ ಕೆಲಸ ಮಾಡುತ್ತದೆಂದು ಕಂಡಿದ್ದರು, ಸಣ್ಣ ತಂಡದ ಕೈ ಎಲ್ಲಿ ಬಿಗಿ ಎಂಬುದನ್ನು ಉಂಡಿದ್ದರು. ಇವೆರಡೂ ಇರುವವರು ಸಿಗುವುದು ಅಪರೂಪ.

ಗ್ರೀನ್ ಅವರ ತೀರ್ಮಾನಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು 2015ರದ್ದು. ಆ ವರ್ಷ ತಂಡ ತನ್ನ ಹಳೆಯ ವಿಂಡ್ ಟನಲ್ ಬಿಟ್ಟು ಜರ್ಮನಿಯ ಕೊಲೋನ್‌ನಲ್ಲಿರುವ ಟೊಯೊಟಾದ ಟನಲ್‌ಗೆ ಹೋಯಿತು. ಮೊದಲು ಅರ್ಧ ಅಳತೆಯ ಮಾದರಿಯಲ್ಲಿ ಪರೀಕ್ಷೆ ನಡೆಯುತ್ತಿತ್ತು, ಅಲ್ಲಿ ಶೇ 60ರ ಮಾದರಿ. ಮಾದರಿ ದೊಡ್ಡದಾದಷ್ಟೂ ಟನಲ್ ಹೇಳಿದ್ದು ಟ್ರ್ಯಾಕಿನಲ್ಲಿ ನಿಜವಾಗುವ ಭರವಸೆ ಹೆಚ್ಚು. ಇದಕ್ಕಾಗಿ ವರ್ಷದ ಮೊದಲರ್ಧವನ್ನು ಹಳೆಯ ರೂಪದ ಕಾರಿನಲ್ಲೇ ಕಳೆಯಬೇಕಾಯಿತು. ಮೊದಲ ಎಂಟು ರೇಸುಗಳಲ್ಲಿ ಬಂದದ್ದು 31 ಅಂಕ. ಜುಲೈನಲ್ಲಿ ಸಿಲ್ವರ್‌ಸ್ಟೋನ್‌ಗೆ, ಮೂತಿಯಲ್ಲಿ ಎರಡು ಹೊಳ್ಳೆಗಳಿದ್ದ ಹೊಸ ರೂಪದ ಕಾರು ಬಂತು. ಉಳಿದ ಹನ್ನೊಂದು ರೇಸುಗಳಲ್ಲಿ 105 ಅಂಕ. ಅರ್ಧ ವರ್ಷ ಬೈಸಿಕೊಳ್ಳಲು ತಯಾರಿದ್ದ ಎಂಜಿನಿಯರ್, ಅಷ್ಟು ದಿನ ಕಾಯಲು ತಯಾರಿದ್ದ ಒಡೆಯರು ಇಬ್ಬರೂ ಇದ್ದದ್ದರಿಂದ ಇದು ಆಯಿತು.

ಪಟ್ಟಿ ನೋಡಿ: 2008ರಲ್ಲಿ ಹತ್ತನೇ ಸ್ಥಾನ, 2009ರಲ್ಲಿ ಒಂಬತ್ತು, 2011ರಲ್ಲಿ ಆರು, 2015ರಲ್ಲಿ ಐದು, 2016 ಮತ್ತು 2017ರಲ್ಲಿ ನಾಲ್ಕು. ಮುಂದೆ ಇದ್ದದ್ದು ಮರ್ಸಿಡಿಸ್, ಫೆರಾರಿ, ರೆಡ್ ಬುಲ್ ಮಾತ್ರ. ಅವರ ಮುಂದೆ ಫೋರ್ಸ್ ಇಂಡಿಯಾದ ನಾನೂರು ಮಂದಿ ಏನೇನೂ ಅಲ್ಲ. ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್ ಮುಳುಗಿದ್ದು, ಬ್ಯಾಂಕುಗಳ ಸಾಲ, ಸಂಬಳ ಸಿಗದ ನೌಕರರ ಗೋಳು ಎಲ್ಲವೂ ನಾಡಿಗೆ ಗೊತ್ತು, ಅದನ್ನು ಮರೆಯಬೇಕಾಗಿಯೂ ಇಲ್ಲ. 2018ರ ಜುಲೈನಲ್ಲಿ ದುಡ್ಡಿಲ್ಲದೆ ಈ ತಂಡವೂ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆಗ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಗುಂಪು ಅದನ್ನು ಕೊಂಡದ್ದರಿಂದ 405 ಕೆಲಸಗಳು ಉಳಿದವು. ಕೊಳ್ಳುವವರು ಮುಂದೆ ಬಂದದ್ದು ಗ್ರೀನ್ ಮತ್ತವರ ಜನ ಕಟ್ಟಿದ್ದ ಆ ಕೆಲಸದ ಮನೆ ಗಟ್ಟಿಯಾಗಿದ್ದುದರಿಂದ ಎಂದೇ ನಾನು ನಂಬುತ್ತೇನೆ. ಇಂದಿನ ಆಸ್ಟನ್ ಮಾರ್ಟಿನ್ ಬೆಳೆದದ್ದು ಅದರ ಮೇಲೆಯೇ.

ಮೊದಲು ಮನೆ ಗಟ್ಟಿಯಿರಬೇಕು ಎಂಬುದನ್ನು ನಮ್ಮ ಸೂಲಿಬೆಲೆ, ವಿಜಯಪುರದ ಕಡೆಯ ರೇಷ್ಮೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಬೆಳೆ ಕೈಕೊಟ್ಟಿತೆಂದು ಬೇರೆ ಕಡೆಯಿಂದ ಒಳ್ಳೆಯ ಚಾಕಿ ಹುಳು ತಂದರೆ ಸಾಲದು. ಸಾಕಣೆ ಮನೆ ತೊಳೆದು ಸೋಂಕು ತೆಗೆಯದಿದ್ದರೆ ಆ ಹುಳುವೂ ಗೂಡು ಕಟ್ಟುವ ಮೊದಲೇ ಸಾಯುತ್ತದೆ.

ಮೆಕ್‌ಲಾರೆನ್ ಮಾಡಿದ್ದು ಮನೆ ಸರಿಪಡಿಸುವ ಈ ಕೆಲಸವನ್ನೇ. 2023ರ ಮಾರ್ಚ್‌ನಲ್ಲಿ ಆ ತಂಡ ತನ್ನ ಟೆಕ್ನಿಕಲ್ ಡೈರೆಕ್ಟರನ್ನು ಕಳಿಸಿತು. ಹೋದವರು ಅದೇ ಜೇಮ್ಸ್ ಕೀ. ಸ್ಪಾದಲ್ಲಿ ಪೋಲ್ ಪಡೆದ ಕಾರಿನ ಹಿಂದಿದ್ದವರು ದಡ್ಡರಾಗಿಬಿಟ್ಟರೇ? ಖಂಡಿತ ಇಲ್ಲ, ಅವರ ಕಾಲದಲ್ಲೇ ಮೆಕ್‌ಲಾರೆನ್ 2020ರಲ್ಲಿ ಮೂರನೆಯದಾಗಿತ್ತು. ಆದರೆ ತಂಡದ ಮುಖ್ಯಸ್ಥ ಆಂಡ್ರಿಯಾ ಸ್ಟೆಲಾ, 2015ರಿಂದ ಅಲ್ಲೇ ಇದ್ದವರು, ಒಬ್ಬರೇ ಹೊರಲಾರದಷ್ಟು ಭಾರ ಆ ಕುರ್ಚಿಯ ಮೇಲಿದೆ ಎಂದು ಕಂಡುಕೊಂಡರು. ಕುರ್ಚಿಯನ್ನು ಮೂರಾಗಿ ಮಾಡಿದರು: ಗಾಳಿಯ ಕೆಲಸ ಒಬ್ಬರಿಗೆ, ಕಾರಿನ ಪರಿಕಲ್ಪನೆ ಮತ್ತೊಬ್ಬರಿಗೆ, ಎಂಜಿನಿಯರಿಂಗ್ ಇನ್ನೊಬ್ಬರಿಗೆ. ಪರಿಕಲ್ಪನೆಗೆಂದು ಫೆರಾರಿಯಿಂದ ಬಂದ ಡೇವಿಡ್ ಸ್ಯಾಂಚೆಜ್ 2024ರಲ್ಲಿ ಮೂರೇ ತಿಂಗಳಲ್ಲಿ ಹೊರಟುಹೋದರೂ ತಂಡ ಎಡವಲಿಲ್ಲ. ಆ ವರ್ಷವೇ, 1998ರ ನಂತರ ಮೊದಲ ಬಾರಿಗೆ, ತಂಡಗಳಿಗೆ ಕೊಡುವ ಕನ್‌ಸ್ಟ್ರಕ್ಟರ್ಸ್ ಪ್ರಶಸ್ತಿ ಮೆಕ್‌ಲಾರೆನ್‌ಗೆ ಬಂತು.

ಹೊರಗಿನ ದೊಡ್ಡವರಿಂದ ತಂಡ ಎದ್ದದ್ದೇ ಇಲ್ಲವೇ ಎಂದರೆ, ಇದೆ. ಫೆರಾರಿಗೆ ಬೆನೆಟನ್‌ನಿಂದ ರಾಸ್ ಬ್ರಾನ್, ರೋರಿ ಬರ್ನ್ ಬಂದದ್ದು ಈ ಆಟದ ಅತಿ ದೊಡ್ಡ ನೇಮಕಾತಿ. ಆದರೆ ಅವರು ಬರುವ ಮೊದಲೇ ತಂಡದ ಮುಖ್ಯಸ್ಥ ಜೀನ್ ಟಾಡ್ 1993ರಿಂದ ಮನೆ ಸರಿಮಾಡುತ್ತಿದ್ದರು. ಹಿಂದಿನ ವಿನ್ಯಾಸಕ ಜಾನ್ ಬರ್ನಾರ್ಡ್ ಅವರ ಕಾಲದಲ್ಲಿ ಇಂಗ್ಲೆಂಡಿಗೆ ಹೋಗಿದ್ದ ವಿನ್ಯಾಸದ ಕೆಲಸವನ್ನು ಮರಾನೆಲ್ಲೊಗೆ ಮರಳಿ ತಂದರು. ಅಷ್ಟಾದರೂ ಕನ್‌ಸ್ಟ್ರಕ್ಟರ್ಸ್ ಪ್ರಶಸ್ತಿಗೆ 1999ರವರೆಗೆ, ಶುಮಾಕರ್ ಅವರ ಚಾಲಕರ ಪ್ರಶಸ್ತಿಗೆ 2000ದವರೆಗೆ ಕಾಯಬೇಕಾಯಿತು. ನಡುವೆ ಟಾಡ್, ಬ್ರಾನ್, ಬರ್ನ್ ಯಾರನ್ನೂ ಓಡಿಸಲಿಲ್ಲ ಎಂಬುದೇ ಆ ಗೆಲುವಿನ ಗುಟ್ಟು.

ಇಂದಿನ ನಿಯಮಗಳು ಸೋತ ತಂಡದ ಪರವಾಗಿಯೇ ಇವೆ. ವಿಂಡ್ ಟನಲ್‌ನಲ್ಲಿ ಚಾಂಪಿಯನ್ ತಂಡಕ್ಕೆ ನಿಗದಿತ ಸಮಯದ ಶೇ 70 ಸಿಕ್ಕರೆ, ಹತ್ತನೇ ತಂಡಕ್ಕೆ ಶೇ 115 ಸಿಗುತ್ತದೆ. 2021ರಿಂದ ಖರ್ಚಿಗೂ ಮಿತಿ ಇದೆ. ಆದರೆ ಚಾಲಕರ ಜೊತೆಗೆ ಅತಿ ಹೆಚ್ಚು ಸಂಬಳದ ಮೂವರನ್ನು ಆ ಮಿತಿಯಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ಒಡೆಯರು ಒಂದು ಹೆಸರಿಗೆ ಎಷ್ಟು ಬೇಕಾದರೂ ಸುರಿಯಬಹುದು, ಅದೇ ದುಡ್ಡನ್ನು ಅವರ ಕೆಳಗಿನ ಐವತ್ತು ಎಂಜಿನಿಯರುಗಳಿಗೆ ಹಂಚಲು ಆಗುವುದಿಲ್ಲ. ಹೆಸರಿನ ಬೆನ್ನು ಹತ್ತುವ ಚಾಳಿಗೆ ನಿಯಮವೇ ನೀರೆರೆಯುತ್ತಿದೆ. ಇದು ಸರಿಯಲ್ಲ, ಈ ವಿನಾಯಿತಿ ಹೋಗಬೇಕು.

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೂ ಇದು ಹತ್ತಿರದ ವಿಷಯ. ಆರ್‌ವಿ ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳಲ್ಲಿ ತಾಂತ್ರಿಕ ಮುಖ್ಯಸ್ಥರು ಪದವಿ ಮುಗಿಸಿ ಹೊರಡುತ್ತಲೇ ಇರುತ್ತಾರೆ. ಕೊಯಮತ್ತೂರಿನ ಕಾರಿ ಟ್ರ್ಯಾಕಿನಲ್ಲಿ ಫಾರ್ಮುಲಾ ಭಾರತ್ ನಡೆದಾಗ ತೀರ್ಪುಗಾರರು ಕೇಳುವುದು ಕಾರು ಎಷ್ಟು ಚಂದ ಎಂದಲ್ಲ, ಈ ಭಾಗವನ್ನು ಹೀಗೇ ಯಾಕೆ ಮಾಡಿದಿರಿ ಎಂದು. ಹಿಂದಿನವರು ಯಾಕೆ ಎಂಬುದನ್ನು ಬರೆದಿಟ್ಟು, ಕಿರಿಯರನ್ನು ಪಕ್ಕದಲ್ಲಿ ಕೂರಿಸಿ ಕಲಿಸಿದ್ದರೆ ತಂಡ ಉಳಿಯುತ್ತದೆ. ಮನೆಯಲ್ಲೇ ಬೆಳೆದ ಮುಖ್ಯಸ್ಥರು ಸಿಗುವುದು ಅಂಥ ಅಭ್ಯಾಸದಿಂದ.

ಸೋಲುತ್ತಿರುವ ತಂಡದ ಒಡೆಯರು ನನ್ನನ್ನು ಕೇಳಿದರೆ ನಾನು ಹೇಳುವುದಿಷ್ಟು. ಮೊದಲು ನಿಮ್ಮ ಕಾರ್ಖಾನೆಯೊಳಗೆ ಹುಡುಕಿ, ಆಮೇಲೆ ಅಲ್ಲಿಂದ ಹೊರಗೆ ಹೋಗಿ ದೊಡ್ಡ ತಂಡ ಕಂಡವರನ್ನು ಹುಡುಕಿ. ಸಿಕ್ಕವರಿಗೆ ಮೂರು ವರ್ಷ ಕೊಡಿ, ಮೊದಲ ವರ್ಷದ ಸೋಲನ್ನು ನಿಮ್ಮ ಮೇಲೆ ಹಾಕಿಕೊಳ್ಳಿ. ನಮ್ಮ ಹುಡುಗರಿಗೂ ಹೇಳುವುದು ಅದೇ: ಮುಂದಿನ ಸಲ ಇಂಥ ನೇಮಕಾತಿಯ ಸುದ್ದಿ ಬಂದಾಗ ಬಂದವರ ಹೆಸರಿಗಿಂತ ಮೊದಲು, ಅವರ ಕೆಳಗಿನ ಮುಖ್ಯಸ್ಥರು ಉಳಿದಿದ್ದಾರೆಯೇ, ಒಡೆಯರು ಎಷ್ಟು ವರ್ಷದ ಮಾತು ಕೊಟ್ಟಿದ್ದಾರೆ ಎಂದು ನೋಡಿ. ಆ ಎರಡು ಉತ್ತರ ಸರಿಯಿದ್ದರೆ ಆ ತಂಡದ ಮೂರನೇ ಕಾರಿಗೆ ಕಾಯಬಹುದು.