ಮುಖವುಳ್ಳ ರಕ್ಷೆ, ಮುಚ್ಚಿಟ್ಟ ರಕ್ಷೆ

ಬಸುರಿ ನೀರಾನೆಯ ಮೈ, ಸಿಂಹದ ಪಾದ, ಬೆನ್ನುದ್ದಕ್ಕೂ ಮೊಸಳೆ, ಜೋತುಬಿದ್ದ ಮೊಲೆ. ಪ್ರಾಚೀನ ಈಜಿಪ್ಟಿನ ತಾವೆರೆಟ್ ದೇವತೆ ಇವಳು, ಬಸುರಿ ಬಾಣಂತಿಯರ ಕಾವಲುಗಾತಿ. ಬೆಣಚುಕಲ್ಲಿನ ಪುಡಿಗೆ ಸುಣ್ಣ, ಕ್ಷಾರ, ತಾಮ್ರ ಬೆರೆಸಿ ಸುಟ್ಟರೆ ಬರುವ ನೀಲಿ-ಹಸಿರು ಹೊಳಪಿನ ಫೇಯಾನ್ಸ್‌ನಲ್ಲಿ ಅವಳ ಪುಟ್ಟ ಗೊಂಬೆಗಳನ್ನು ಅಚ್ಚೊತ್ತಿ, ದಾರಕ್ಕೆ ಪೋಣಿಸಲು ತೂತಿಡುತ್ತಿದ್ದರು. ಮಗುವಿಗೆ ಮೊಲೆಯೂಡುವ ಐಸಿಸ್, ಚೇಳಿನ ದೇವತೆ ಸೆರ್ಕೆತ್, ಸಿಂಹಮುಖದ ಸೆಖ್ಮೆತ್ ಕೂಡ ಹೀಗೆಯೇ ಜನರ ಕೊರಳಲ್ಲಿ ತೂಗಿದವರು.

ತಗಡೂರಿನ ಕಡೆ, ನಂಜನಗೂಡು–ತಿ. ನರಸೀಪುರದ ಊರುಗಳಲ್ಲಿ, ಆ ಕಾವಲಿನ ಕೆಲಸ ತಾಯಿತದ್ದು. ತಾಮ್ರದ ತೆಳು ತಗಡಿನ ಮೇಲೆ ಗೆರೆ, ಬೀಜಾಕ್ಷರ, ಅಂಕಿಗಳನ್ನು ಕೊರೆದು, ಸುರುಳಿ ಸುತ್ತಿ, ಕೊಳವೆಯೊಳಗಿಟ್ಟು ಬಾಯಿ ಮುಚ್ಚಿ, ಕಪ್ಪು ದಾರದಲ್ಲಿ ಮಗುವಿನ ತೋಳಿಗೋ ಸೊಂಟಕ್ಕೋ ಕಟ್ಟುತ್ತಾರೆ. ಜನ ಇದನ್ನು ಅಂತ್ರ ಎನ್ನುತ್ತಾರೆ. ಒಳಗಿರುವವಳು ಚಾಮುಂಡಿ, ದುರ್ಗೆ, ಮಾರಿ ಯಾರೇ ಆಗಲಿ, ಹೊರಗಿನವರಿಗೆ ಅವಳ ಮುಖ ಕಾಣದು. ದರ್ಗಾದಲ್ಲಿ ಕಟ್ಟಿಸುವ ತಾಯಿತವೂ ಬರಹವನ್ನೇ ಒಳಗಿಟ್ಟುಕೊಂಡದ್ದು. ಮಗುವನ್ನೆತ್ತಿಕೊಂಡು ಹಿಂದೂ ತಾಯಂದಿರೂ ಅಲ್ಲಿಗೆ ಹೋಗುತ್ತಾರೆ.

ನಮ್ಮ ಈ ಪರಂಪರೆಯ ದೊಡ್ಡ ಕೊರತೆ ಈ ಮುಚ್ಚಿದ ಬಾಯಿಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ತಾವೆರೆಟ್‌ಳನ್ನು ಅರಿಯಲು ನೈಲ್ ದಂಡೆಯ ಹೆಂಗಸಿಗೆ ಅಕ್ಷರ ಬೇಕಿರಲಿಲ್ಲ. ಮರಿಗಳ ತಂಟೆಗೆ ಬಂದವರನ್ನು ನೀರಾನೆ ಏನು ಮಾಡುತ್ತದೆಂದು ಅವಳು ಬಲ್ಲಳು. ಆ ಉಗ್ರತೆ ತನ್ನ ಮಗುವಿಗಿರಲಿ ಎಂದು ಕೊರಳಿಗೆ ಕಟ್ಟಿಕೊಂಡಳು. ಅಂತ್ರ ಕಟ್ಟಿಸಿಕೊಂಡ ನಮ್ಮ ತಾಯಿಗೆ ಒಳಗೇನು ಬರೆದಿದೆಯೆಂದು ತಿಳಿಯದು. ಬಿಚ್ಚಿ ನೋಡಿದರೆ ಶಕ್ತಿ ಹೋಗುತ್ತದೆ ಎಂಬ ಕಟ್ಟಳೆ ಬೇರೆ. ಭಯ ಅವಳದು, ಅರ್ಥ ಮಾತ್ರ ಬರೆದವನದು.

ಈಜಿಪ್ಟಿನಲ್ಲೂ ಬರಹದ ರಕ್ಷೆಗಳಿದ್ದವು. ಈಜಿಪ್ಟ್ ತಜ್ಞ ಐ.ಇ.ಎಸ್. ಎಡ್ವರ್ಡ್ಸ್ 1960ರಲ್ಲಿ ಪ್ರಕಟಿಸಿದ ಪಪೈರಸ್ ಪಟ್ಟಿಗಳನ್ನು ನೋಡಬೇಕು. ಇಂಥವನ್ನೂ ಸುರುಳಿ ಸುತ್ತಿ ಕೊಳವೆಯಲ್ಲಿಟ್ಟು ಕೊರಳಿಗೆ ಕಟ್ಟುತ್ತಿದ್ದರು. ಆದರೆ ಅಲ್ಲಿ ದೇವರೇ ಮಾತು ಕೊಡುತ್ತಾನೆ: ಇಂಥ ಹೆಸರಿನವರನ್ನು ಇಂಥಿಂಥ ಕಾಯಿಲೆಗಳಿಂದ ಕಾಯುತ್ತೇನೆ ಎಂದು ಒಂದೊಂದನ್ನೂ ಹೇಳುತ್ತಾನೆ. ಯಾರಾದರೂ ಓದಿ ಹೇಳಿದರೆ ಸಾಕು, ತಾಯಿಗೆ ಅರ್ಥವಾಗುವ ಮಾತು ಅದು. ಬೀಜಾಕ್ಷರಕ್ಕೆ ಆ ಸೌಲಭ್ಯವಿಲ್ಲ. ನಮ್ಮಲ್ಲಿ ದೇವಿಯ ಮುಖ ಮೈಮೇಲೆ ಬಂದದ್ದು ಲಕ್ಷ್ಮೀಕಾಸಿನ ಸರದಲ್ಲಿ, ಚಿನ್ನ ಉಳ್ಳವರಿಗೆ. ಉಳಿದವರಿಗೆ ಅಗ್ಗದ ಪದಕ, ಲಾಕೆಟ್ಟುಗಳು ದೊರೆತದ್ದು ದೇವರ ಪಟಗಳು ಅಚ್ಚಾಗತೊಡಗಿದ ಮೇಲೆ.

ಬಜೆ ಬೇರಿನ ತುಂಡು ಪೋಣಿಸಿದ ಕೈಬಳೆ, ಕರಿಮಣಿ, ಕೆನ್ನೆಯ ದೃಷ್ಟಿಬೊಟ್ಟು, ಬಾಗಿಲಿಗೆ ಸಿಕ್ಕಿಸಿದ ಬೇವಿನ ಸೊಪ್ಪು: ಇವುಗಳ ಕಥೆಯೇ ಬೇರೆ. ಇವನ್ನು ಮಾಡುವವರು ಅಜ್ಜಿಯರು. ದಕ್ಷಿಣೆಯಿಲ್ಲ, ಗುಟ್ಟಿಲ್ಲ. ಮಗುವಿಗೆ ಹೊಟ್ಟೆನೋವು ಬಂದರೆ ಅದೇ ಬಜೆಯನ್ನು ತೇಯ್ದು ನೆಕ್ಕಿಸುವುದೂ ಉಂಟು. ತಾವೆರೆಟ್‌ಳಿಗೆ ನಿಜವಾದ ಓರಗಿತ್ತಿಯರು ಸಿಗುವುದು ಇಲ್ಲಿ, ಈ ಹೆಂಗಸರ ಕೈಕೆಲಸದಲ್ಲಿ. ಈ ಪರಂಪರೆಯಲ್ಲಿ ನಾನು ಹೆಚ್ಚು ಗೌರವಿಸುವುದೂ ಇದನ್ನೇ.

ಸೆಖ್ಮೆತ್ ವ್ಯಾಧಿ ಕಳುಹಿಸುವವಳು, ವಾಸಿ ಮಾಡುವವಳೂ ಅವಳೇ. ಅವಳ ಪೂಜಾರಿಗಳಿಗೆ ವೈದ್ಯರೆಂಬ ಹೆಸರಿತ್ತು. ನಮ್ಮ ಮಾರಿಯೂ ಹೀಗೆಯೇ. ಸಿಡುಬು ಅವಳ ಸಿಟ್ಟು, ಇಳಿಯುವುದು ಅವಳ ಕರುಣೆ. ಇಂದಿಗೂ ಸೀತಾಳೆ ಸಿಡುಬಿಗೆ ‘ಅಮ್ಮ ಆಗಿದೆ’ ಎನ್ನುತ್ತೇವೆ. ರೋಗದ ಹೆಸರೆತ್ತಲು ಅಂಜಿ, ದೇವಿಯ ಹೆಸರು ಹೇಳುತ್ತೇವೆ. ಬೇವು, ತಂಪು ಊಟ, ಹೊರಗಿನವರನ್ನು ಒಳಗೆ ಬಿಡದ ಮಡಿ ಇವೆಲ್ಲ ಮಗುವನ್ನು ನೋಡಿಕೊಳ್ಳುವ ಒಳ್ಳೆಯ ಕ್ರಮಗಳೇ. ಆದರೆ ಸಿಡುಬನ್ನು ತಡೆದದ್ದು ಲಸಿಕೆ. ಮೈಸೂರು ಅರಮನೆ ಅದನ್ನು ಬೇಗ ಕಂಡುಕೊಂಡಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರವೊಂದಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ, ಲಸಿಕೆ ಹಾಕಿಸಿಕೊಂಡ ತೋಳನ್ನು ತೋರುತ್ತಿದ್ದಾಳೆ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವ್ಯಾಖ್ಯಾನ. ಅದನ್ನು ಒಪ್ಪಿದರೆ, ಅಂತ್ರ ಕಟ್ಟುವ ತೋಳಿಗೇ ಲಸಿಕೆ ಬಂತು, ಬಚ್ಚಿಡದೆ ಎಲ್ಲರಿಗೂ ಕಾಣುವಂತೆ ಬಂತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ಮಾರಿಹಬ್ಬ ಅದರಿಂದ ನಿಂತುಹೋಗಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಮಾರಿ ಮಸಣಿಯರ ಪೂಜೆಯನ್ನು ಕಟುವಾಗಿ ಖಂಡಿಸಿದರು. ಅವರು ಕೊಟ್ಟ ಇಷ್ಟಲಿಂಗವೂ ಮೈಮೇಲಿನದೇ. ಆದರೆ ದಿನವೂ ಕರಡಿಗೆ ತೆರೆದು, ಅಂಗೈಯಲ್ಲಿಟ್ಟು, ಧರಿಸಿದವರೇ ಪೂಜಿಸುವಂಥದ್ದು. ಹೆಂಗಸರೂ ಪೂಜಿಸುತ್ತಾರೆ, ನಡುವೆ ಬರೆದುಕೊಡುವವನಿಲ್ಲ. ಅಂತ್ರದ ಗುಟ್ಟಿಗೆ ಕನ್ನಡ ನಾಡು ಕೊಟ್ಟ ಅತ್ಯುತ್ತಮ ಉತ್ತರ ಇದು. ಹಾಗಿದ್ದೂ ಅದೇ ಪರಂಪರೆಯ ಸುತ್ತೂರು ಮಠದ ಆಸುಪಾಸಿನ ಊರುಗಳಲ್ಲಿ ಅಂತ್ರ ಅಳಿಯಲಿಲ್ಲ. ಇದು ನಮ್ಮ ಊರುಗಳ ದೌರ್ಬಲ್ಯವೇನೂ ಅಲ್ಲ: ಕ್ರಿ.ಪೂ. 1350ರ ಸುಮಾರಿಗೆ ಅಖೆನಾತೆನ್ ದೊರೆ ಸೂರ್ಯಬಿಂಬವೊಂದನ್ನೇ ಪೂಜಿಸಬೇಕೆಂದು ಹೊಸ ರಾಜಧಾನಿ ಕಟ್ಟಿದ. ಈಗ ಅಮರ್ನಾ ಎನ್ನುವ ಆ ರಾಜಧಾನಿಯ ಮನೆಗಳ ಉತ್ಖನನದಲ್ಲೇ ತಾವೆರೆಟ್ ರಕ್ಷೆಗಳು ಸಿಕ್ಕಿವೆ. ಹೆರಿಗೆಯ ನೋವಿಗೂ ಹಸುಗೂಸಿನ ಸಾವಿಗೂ ಹೊಸ ಮತದಲ್ಲಿ ಪರಿಹಾರ ಸಿಗದಿದ್ದಾಗ ಹಳೆಯ ದೇವತೆ ಮನೆಯೊಳಗೆ ಉಳಿದೇ ಉಳಿಯುತ್ತಾಳೆ.

ಹೀಗಾಗಿ ತಾಯಿತವನ್ನೇ ಕಿತ್ತೆಸೆಯಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಹಿಡಿದ ದಾರಿ ಸರಿಯಾದದ್ದು: ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ಸಿಗದಂತೆ ತಡೆದು ಮಂತ್ರ, ದಾರಗಳಿಗೆ ಒಪ್ಪಿಸುವುದು ಅಪರಾಧ. ಸೆರ್ಕೆತ್‌ಳನ್ನು ಧರಿಸಿದವರಿಗೆ ಚೇಳಿನ ವಿಷಕ್ಕೆ ಬೇರೆ ಮದ್ದು ಹೆಚ್ಚೇನೂ ಇರಲಿಲ್ಲ. ನಂಜನಗೂಡಿನಲ್ಲಿ ಆಸ್ಪತ್ರೆ ಇದೆ.

ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1914ರಲ್ಲಿ ಈಜಿಪ್ಟಿನ ರಕ್ಷೆಗಳನ್ನು 275 ಬಗೆಗಳಾಗಿ ವಿಂಗಡಿಸಿದ. ನಮ್ಮ ರಕ್ಷೆಗಳಿಗೂ ಅಂಥ ಪಟ್ಟಿ ಬೇಕು, ಆದರೆ ಅವನ ರೀತಿ ಇಲ್ಲಿ ಸಾಲದು. ಫೇಯಾನ್ಸ್ ಮೂರು ಸಾವಿರ ವರ್ಷ ಮರಳಿನಲ್ಲಿ ಉಳಿಯುತ್ತದೆ. ಬಜೆಯ ಬಳೆ ಮಗು ನಡೆಯುವ ಹೊತ್ತಿಗೆ ಪುಡಿಯಾಗಿರುತ್ತದೆ. ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಂಥ ಕಡೆ ತಾಮ್ರದ ಕೊಳವೆಯನ್ನು ಕಾಪಿಡಬಹುದು. ಅದನ್ನು ಯಾವ ಭಯಕ್ಕೆ ಕಟ್ಟಿದರು, ಕಟ್ಟುವಾಗ ಅಜ್ಜಿ ಏನು ಹೇಳಿದಳು, ಯಾವಾಗ ಬಿಚ್ಚಿದರು ಎಂಬುದನ್ನು ಬಾಣಂತಿ ಕೋಣೆಯಲ್ಲೇ ಕೂತು, ಹೆಂಗಸರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು.