ಮರಳಿನಲ್ಲಿ ಲಾರಿ ನಿಲ್ಲಿಸಿದವರು

ಮರುಭೂಮಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಬರವಣಿಗೆಯ ಪರಂಪರೆಯೇ ಇದೆ. 1888ರಲ್ಲಿ ಬಂದ ಚಾರ್ಲ್ಸ್ ಡೌಟಿಯ ‘ಟ್ರಾವೆಲ್ಸ್ ಇನ್ ಅರೇಬಿಯಾ ಡೆಸರ್ಟಾ’, ಟಿ. ಇ. ಲಾರೆನ್ಸನ ‘ಸೆವೆನ್ ಪಿಲ್ಲರ್ಸ್ ಆಫ್ ವಿಸ್ಡಂ’, 1959ರಲ್ಲಿ ಬಂದ ವಿಲ್ಫ್ರೆಡ್ ಥೆಸಿಗರನ ‘ಅರೇಬಿಯನ್ ಸ್ಯಾಂಡ್ಸ್’ ಇವೆಲ್ಲ ಆ ಸಾಲಿನ ಹೆಸರಾಂತ ಪುಸ್ತಕಗಳು. ಬರೆದ ಮೂವರೂ ಚೆನ್ನಾಗಿ ಓದಿಕೊಂಡವರು, ಒಂಟೆಯ ಮೇಲೆ ಕುಳಿತು ಮರಳನ್ನು ಕಂಡವರು, ಅಲ್ಲಿಗೆ ಹೋಗಬೇಕೆಂದೇ ಹೋದವರು. ಲಾರೆನ್ಸನಿಗಾದರೂ ಯುದ್ಧದ ನೆಪವಿತ್ತು. ಉಳಿದಿಬ್ಬರಿಗೆ ಅದೂ ಬೇಕಿರಲಿಲ್ಲ.

ಇವರಾದ ಮೇಲೆ, 1970ರ ದಶಕದಲ್ಲಿ, ಅದೇ ಮರಳಿಗೆ ಇನ್ನೊಂದು ಬಗೆಯ ಬ್ರಿಟಿಷರು ಬಂದರು. ಅವರು ಲಾರಿ ಡ್ರೈವರುಗಳು. ಮರುಭೂಮಿಯನ್ನು ನೋಡುವ ಹಂಬಲ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಸರಕು ಮುಟ್ಟಬೇಕಾದ ಊರು ಅದರ ಆಚೆ ಬದಿಯಲ್ಲಿತ್ತು, ಅಷ್ಟೇ. ಈ ಜನ ವಯಸ್ಸಾದ ಮೇಲೆ ಹೇಳಿದ, ಬರೆದ ನೆನಪುಗಳನ್ನು ನಾನು ಕೆಲವು ವರ್ಷಗಳಿಂದ ಸಿಕ್ಕಲ್ಲೆಲ್ಲ ಓದುತ್ತ ಬಂದಿದ್ದೇನೆ. ಸಾಹಿತ್ಯವೆಂದು ಯಾರೂ ಇವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಆದರೆ ಮೇಲೆ ಹೇಳಿದ ಮಹನೀಯರ ಪುಸ್ತಕಗಳಲ್ಲಿ ಇಲ್ಲದ ಒಂದು ಸತ್ಯ ಇವುಗಳಲ್ಲಿದೆ. ಹಾಗೆಯೇ ಆ ಪುಸ್ತಕಗಳಲ್ಲಿ ಕಾಣುವ ಒಂದು ಗುಣ ಇವುಗಳಲ್ಲಿ ಕಾಣೆಯಾಗಿದೆ. ಎರಡನ್ನೂ ಒಟ್ಟಿಗೆ ನೋಡಬೇಕೆನ್ನುವುದೇ ಈ ಬರಹದ ಉದ್ದೇಶ.

ಮೊದಲು ಇವರು ಅಲ್ಲಿಗೆ ಹೋದದ್ದೇಕೆ ಎಂಬುದನ್ನು ಹೇಳಬೇಕು. 1973ರ ಅಕ್ಟೋಬರಿನ ಯುದ್ಧದ ಬೆನ್ನಿಗೇ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಕೊಲ್ಲಿಯ ದೇಶಗಳ ಕೈಯಲ್ಲಿ ದುಡ್ಡು ತುಂಬಿತು. ಆಸ್ಪತ್ರೆ, ಅರಮನೆ, ವಿಮಾನ ನಿಲ್ದಾಣ, ಸಿಮೆಂಟು ಕಾರ್ಖಾನೆ ಎಲ್ಲವೂ ಒಮ್ಮೆಗೇ ಬೇಕಾದವು. ಆದರೆ ಸಾಮಾನು ಇಳಿಸುವ ಬಂದರುಗಳು ಮಾತ್ರ ಹಳೆಯವೇ. ಜೆದ್ದಾದ ಹೊರಗೆ ಹಡಗುಗಳು ತಿಂಗಳುಗಟ್ಟಲೆ ಲಂಗರು ಹಾಕಿ ನಿಂತವು; 1976ರಲ್ಲಿ ಹಡಗಿನಿಂದ ಸಿಮೆಂಟು ಚೀಲಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ಇಳಿಸಬೇಕಾಯಿತು ಎಂದರೆ ಊಹಿಸಿಕೊಳ್ಳಬಹುದು. 1967ರಲ್ಲಿ ಮುಚ್ಚಿದ ಸುಯೆಜ್ ಕಾಲುವೆ ಮತ್ತೆ ತೆರೆದದ್ದು 1975ರಲ್ಲಿ. ಅವಸರದ ಸಾಮಾನಿಗೆ ಉಳಿದದ್ದು ನೆಲದ ದಾರಿ. 1973ರಲ್ಲಿ ಇಸ್ತಾಂಬುಲಿನ ಬಾಸ್ಫರಸ್ ಸೇತುವೆ ತೆರೆದದ್ದರಿಂದ ಯುರೋಪಿನ ಲಾರಿ ದೋಣಿ ಹತ್ತದೆಯೇ ಏಷ್ಯಾಕ್ಕೆ ದಾಟಬಹುದಾಗಿತ್ತು. ಆಸ್ಟ್ರಿಯಾ, ಯುಗೊಸ್ಲಾವಿಯಾ, ಬಲ್ಗೇರಿಯಾ, ತುರ್ಕಿ, ಸಿರಿಯಾ, ಜೋರ್ಡಾನ್, ಸೌದಿ ಅರೇಬಿಯಾ, ಅಲ್ಲಿಂದ ಮುಂದೆ ಕುವೈತೋ ಕತಾರೋ. ಲಂಡನ್ನಿನಿಂದ ದೋಹಾಕ್ಕೆ ಒಂದು ಕಡೆಗೇ ಸುಮಾರು 4,000 ಮೈಲಿ. ಒಂದು ವೋಲ್ವೊ ಎಫ್ 88 ಅಥವಾ ಸ್ಕಾನಿಯಾ 110, ಡ್ರೈವರನ ಸೀಟಿನ ಹಿಂದೆ ಒಂದು ಇಕ್ಕಟ್ಟಾದ ಹಾಸಿಗೆ, ಟ್ರೇಲರಿನ ಪಕ್ಕದಲ್ಲಿ ಒಲೆ, ಡಬ್ಬಿ ಆಹಾರ, ನೀರು ಇಡುವ ಪೆಟ್ಟಿಗೆ. ಇಷ್ಟೇ ಸಂಸಾರ.

ಜೋರ್ಡಾನಿನ ಗಡಿ ದಾಟಿದ ಮೇಲೆ ಬರುವುದು ‘ಟ್ಯಾಪ್‌ಲೈನ್’ ರಸ್ತೆ. ಹೆಸರು ಬಂದದ್ದು ತೈಲದ ಕೊಳವೆಯಿಂದ. ಸೌದಿಯ ಕೈಸೂಮಾದಿಂದ ಲೆಬನಾನಿನ ಸೈದಾದವರೆಗೆ 1,214 ಕಿಲೋಮೀಟರ್ ಉದ್ದದ ಈ ಕೊಳವೆ 1950ರಲ್ಲಿ ಮುಗಿಯಿತು. ಕೊಳವೆಯ ಪಕ್ಕಕ್ಕೇ ರಸ್ತೆ. ತೈಲ ದೂಡುವ ಪಂಪುಗಳಿದ್ದಲ್ಲೇ ತುರೈಫ್, ಅರಾರ್, ರಫ್ಹಾದಂತಹ ಊರುಗಳು ಬೆಳೆದವು. ಅಂದರೆ ನಮ್ಮಲ್ಲಿ ಹೊಳೆದಂಡೆಯಲ್ಲಿ ಊರು ಹುಟ್ಟಿದ ಹಾಗೆ ಅಲ್ಲಿ ಕೊಳವೆಯ ದಂಡೆಯಲ್ಲಿ ಊರು ಹುಟ್ಟಿತು. ಡೌಟಿಗೂ ಥೆಸಿಗರನಿಗೂ ಬಾವಿಯಿಂದ ಬಾವಿಗೆ ದಾರಿ. ಈ ಡ್ರೈವರುಗಳಿಗೆ ಪಂಪಿನಿಂದ ಪಂಪಿಗೆ. ಬೇಸಿಗೆಯಲ್ಲಿ 50 ಡಿಗ್ರಿಯ ಹತ್ತಿರ ಹೋಗುವ ಬಿಸಿಲು, ಕಣ್ಣು ಹೋದಷ್ಟು ದೂರ ನೇರವಾದ ಡಾಂಬರು, ಎರಡೂ ಬದಿಗೆ ಅಪಘಾತದಲ್ಲಿ ನುಚ್ಚಾಗಿ ಬಿದ್ದ ಗಾಡಿಗಳು, ರಾತ್ರಿ ದೀಪಕ್ಕೆ ಅಡ್ಡ ಬರುವ ಒಂಟೆ. ಟ್ಯಾಪ್‌ಲೈನಿನ ನೆನಪು ಬರೆದವರೆಲ್ಲ ಇವನ್ನು ಹೇಳುತ್ತಾರೆ.

ಆದರೆ ಓದುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇವರ ಮರುಭೂಮಿಯಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಗಡಿಯಲ್ಲಿ ಎರಡು ದಿನ, ಮೂರು ದಿನ, ಕೆಲವೊಮ್ಮೆ ವಾರ. ‘ಟಿಐಆರ್’ ಎಂಬ ಒಪ್ಪಂದದ ಕಾಗದ ಇದ್ದರೆ ಮೊಹರು ಒಡೆಯದೆ ಯುರೋಪಿನ ಗಡಿಗಳನ್ನು ದಾಟಬಹುದು. ಸೌದಿ ಗಡಿಗೆ ಬಂದರೆ ಮೊಹರಿಗೆ ಬೆಲೆಯಿಲ್ಲ, ಮೂಟೆ ಮೂಟೆ ಇಳಿಸಿ ತೋರಿಸಬೇಕು. ಶುಕ್ರವಾರ ಕಚೇರಿಗೆ ರಜೆ. ಒಂದು ಅಕ್ಷರ ತಪ್ಪಿದ್ದರೆ ಏಜೆಂಟನನ್ನು ಹುಡುಕಬೇಕು. ಗುಮಾಸ್ತ ಊಟಕ್ಕೆ ಹೋದರೆ ಸಾಲು ಅಲ್ಲೇ. ಸರಕು ಮುಟ್ಟಿದ ಮೇಲೂ ಇಳಿಸಿಕೊಳ್ಳುವವನಿಗಾಗಿ ಕಾಯಬೇಕು. ಮರುಭೂಮಿ ಎಂದರೆ ಅನಂತತೆ, ಮೌನ, ಆತ್ಮಶೋಧನೆ ಎಂದೆಲ್ಲ ನಾವು ಕಲಿತಿದ್ದೇವೆ. ಅಲ್ಲಿ ದುಡಿಯಲು ಹೋದವನಿಗೆ ಅದು ಕಾಗದ ಹಿಡಿದು ನಿಂತ ಒಂದು ಸರದಿ. ಅನಂತತೆ ಕಂಡದ್ದಿದ್ದರೆ ಆ ಸರದಿಯಲ್ಲೇ. ನಾನು ಮೇಲೆ ಹೇಳಿದ ಸತ್ಯ ಇದು. ಇದನ್ನು ಬರೆಯಲು ಲಾರೆನ್ಸನಿಗೆ ಸಾಧ್ಯವಿರಲಿಲ್ಲ; ಅವನು ಯಾರದೋ ಮುದ್ರೆಗಾಗಿ ಕೈಕಟ್ಟಿ ನಿಂತವನಲ್ಲ.

ಈ ನೆನಪುಗಳ ಭಾಷೆಯನ್ನೂ ಗಮನಿಸಬೇಕು. ಸೂರ್ಯಾಸ್ತದ ವರ್ಣನೆಗೆ ತೊಡಗಿದೊಡನೆ ಇವರ ಕೈ ಸೋಲುತ್ತದೆ, ಎಲ್ಲಿಂದಲೋ ತಂದ ಸವಕಲು ಮಾತು ಬರುತ್ತದೆ. ಆದರೆ ಟಯರು ಸಿಡಿದದ್ದನ್ನು ಹೇಳುವಾಗ, ಟರ್ಪಾಲಿನ ಹಗ್ಗವನ್ನು ಹೇಗೆ ಬಿಗಿಯಬೇಕೆಂದು ಹೇಳುವಾಗ, ಪೂರ್ವ ತುರ್ಕಿಯ ಚಳಿಯಲ್ಲಿ ಡೀಸೆಲ್ ಹೆಪ್ಪುಗಟ್ಟಿ ಟ್ಯಾಂಕಿನ ಕೆಳಗೆ ಬೆಂಕಿ ಹಾಕಿದ್ದನ್ನು ಹೇಳುವಾಗ ಒಂದು ಶಬ್ದವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೈಗೆ ಗೊತ್ತಿದ್ದದ್ದು ಬಾಯಿಗೂ ಗೊತ್ತಿರುತ್ತದೆ. ಒಬ್ಬನ ಗಾಡಿ ಕೆಟ್ಟು ನಿಂತರೆ ಹಿಂದಿನವನು ದಾಟಿ ಹೋಗುವಂತಿಲ್ಲ ಎಂಬ ಕಟ್ಟಳೆ, ಗಾಡಿಯ ನೆರಳಿನಲ್ಲಿ ಕುಳಿತು ಕುಡಿದ ಚಹಾ, ಯಾವ ಗಡಿಯಲ್ಲಿ ಯಾವ ಸಿಗರೇಟು ನಡೆಯುತ್ತದೆ ಎಂಬ ಲೆಕ್ಕ. ಇಂತಹ ಪುಟಗಳನ್ನು ಕಸುಬಿನ ಗದ್ಯ ಎಂದು ಕರೆಯಬಹುದು. ನಮ್ಮ ವಿಮರ್ಶೆಗೆ ಇದನ್ನು ಓದುವ ಅಭ್ಯಾಸ ಕಡಿಮೆ.

ಇನ್ನು ಕೊರತೆಯ ಮಾತು. 1977ರಲ್ಲಿ ಬಿಬಿಸಿ ‘ಡೆಸ್ಟಿನೇಶನ್ ದೋಹಾ’ ಎಂಬ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ಆಸ್ಟ್ರಾನ್ ಎಂಬ ಸಂಸ್ಥೆಯ ಡ್ರೈವರುಗಳ ಜೊತೆ ಕ್ಯಾಮೆರಾ ದೋಹಾದವರೆಗೆ ಹೋಗಿತ್ತು. 1982ರಲ್ಲಿ ಫ್ರಾಂಕ್ಲಿನ್ ವುಡ್ ಅವರ ‘ಕೋಲಾ ಕೌಬಾಯ್ಸ್’ ಎಂಬ ಪುಸ್ತಕ ಬಂತು. ಹೆಸರೇ ಹೇಳುವಂತೆ, ಆ ಹೊತ್ತಿಗಾಗಲೇ ಲಾರಿ ಡ್ರೈವರ್ ‘ಕೌಬಾಯ್’ ಆಗಿದ್ದ. ಒಂಟೆಯ ಮೇಲಿನ ವೀರನನ್ನು ಇಳಿಸಿದ ಜಾಗಕ್ಕೆ ಸ್ಟಿಯರಿಂಗ್ ಹಿಡಿದ ವೀರ ಹತ್ತಿದ್ದ. ಆಮೇಲೆ ಬರೆದ ಎಷ್ಟೋ ಜನ ತಮ್ಮನ್ನು ಈ ಕನ್ನಡಿಯಲ್ಲೇ ನೋಡಿಕೊಂಡಿದ್ದಾರೆ. ಕೌಬಾಯ್ ಎಂದೊಡನೆ ಸುತ್ತಲಿನವರು ಕೇವಲ ಹಿನ್ನೆಲೆಯಾಗುತ್ತಾರೆ. ನಾನು ಓದಿದ ನೆನಪುಗಳಲ್ಲಿ ಜೊತೆಗಾರ ಬ್ರಿಟಿಷ್ ಡ್ರೈವರನಿಗೆ ಹೆಸರಿದೆ, ಅಡ್ಡಹೆಸರೂ ಇದೆ. ಪಕ್ಕದಲ್ಲೇ ಅದೇ ಸರದಿಯಲ್ಲಿ ನಿಂತವನು ಬರೀ ‘ಒಬ್ಬ ತುರ್ಕ’. ಸರಕು ಇಳಿಸಿದವನು ‘ಒಬ್ಬ ಪಾಕಿಸ್ತಾನಿ’. ಚಹಾ ಕೊಟ್ಟವನು ‘ಒಬ್ಬ ಅರಬ’. ಥೆಸಿಗರ್ ಈ ವಿಷಯದಲ್ಲಿ ಇವರಿಗಿಂತ ಉದಾರಿ. ಮೋಟಾರು ಗಾಡಿಯೆಂದರೆ ಆಗದ, ಹಳೆಯ ಕಾಲದ ಆ ಮನುಷ್ಯ ತನ್ನನ್ನು ಕರೆದೊಯ್ದ ಬಿನ್ ಕಬೀನಾ, ಬಿನ್ ಗಬೈಶಾ ಎಂಬ ತರುಣರ ಹೆಸರು, ಮುಖ, ನಗು ಎಲ್ಲವನ್ನೂ ದಾಖಲಿಸಿ ಹೋಗಿದ್ದಾನೆ. ಅಲ್ಲಿದ್ದು ಇಲ್ಲಿ ಕಾಣೆಯಾದ ಗುಣವೆಂದು ನಾನು ಹೇಳಿದ್ದು ಇದನ್ನೇ. ಕೆಳಗಿನಿಂದ ಬಂದವನು ಕೆಳಗಿನವನನ್ನು ಕಂಡೇ ಕಾಣುತ್ತಾನೆ ಎಂಬ ನಮ್ಮ ನಂಬಿಕೆಗೆ ಇಲ್ಲಿ ಪೆಟ್ಟು ಬೀಳುತ್ತದೆ.

ಹಾಗಾದರೆ ಸರದಿಯಲ್ಲಿದ್ದ ಉಳಿದವರ ಕಥೆ ಎಲ್ಲಿದೆ? ಅರಬ್ಬಿ ಸಾಹಿತ್ಯದಲ್ಲಿದೆ. ಪ್ಯಾಲೆಸ್ತೀನಿನ ಘಸ್ಸಾನ್ ಕನಫಾನಿ 1963ರಲ್ಲಿ ಪ್ರಕಟಿಸಿದ ‘ಬಿಸಿಲಲ್ಲಿ ಜನ’ ಎಂಬ ಅರ್ಥದ ಸಣ್ಣ ಕಾದಂಬರಿಯಲ್ಲೂ ಒಬ್ಬ ಲಾರಿ ಡ್ರೈವರ್ ಇದ್ದಾನೆ. ಅಬುಲ್ ಖೈಜುರಾನ್ ಅವನ ಹೆಸರು. ಬಸ್ರಾದಿಂದ ಕುವೈತಿಗೆ ಖಾಲಿ ನೀರಿನ ಟ್ಯಾಂಕರು ಓಡಿಸುತ್ತಾನೆ. ಕೆಲಸ ಹುಡುಕಿ ಹೊರಟ, ಕಾಗದಪತ್ರವಿಲ್ಲದ ಮೂವರು ನಿರಾಶ್ರಿತರನ್ನು ಗಡಿ ಬಂದಾಗ ಆ ಟ್ಯಾಂಕಿನೊಳಗೆ ಇಳಿಸುತ್ತಾನೆ. ಆರೇಳು ನಿಮಿಷದ ಮಾತು. ಮೊದಲ ಗಡಿ ದಾಟುತ್ತಾರೆ. ಎರಡನೆಯದರಲ್ಲಿ ಗುಮಾಸ್ತನಿಗೆ ಹರಟೆಯ ಹುಕಿ. ಬಸ್ರಾದ ಯಾರೋ ನರ್ತಕಿಯ ಹೆಸರು ಹಿಡಿದು ಡ್ರೈವರನನ್ನು ಗೇಲಿ ಮಾಡುತ್ತ ಮುದ್ರೆ ಒತ್ತಲು ತಡಮಾಡುತ್ತಾನೆ. ಡ್ರೈವರ್ ಓಡಿ ಬಂದು ಮುಚ್ಚಳ ತೆಗೆಯುವ ಹೊತ್ತಿಗೆ ಒಳಗೆ ಮೂವರೂ ಸತ್ತಿದ್ದಾರೆ. ಗೋಡೆ ಯಾಕೆ ಬಡಿಯಲಿಲ್ಲ ಎಂದು ಅವನು ಮರಳಿಗೆ ಕೂಗುವುದರೊಂದಿಗೆ ಕಾದಂಬರಿ ಮುಗಿಯುತ್ತದೆ.

ಬ್ರಿಟಿಷ್ ಡ್ರೈವರನ ನೆನಪಿನಲ್ಲೂ ಇಂತಹದೇ ಗುಮಾಸ್ತನಿದ್ದಾನೆ. ಅವನ ಸೋಮಾರಿತನ ಅಲ್ಲಿ ನಗೆಯ ಪ್ರಸಂಗ, ಹೆಚ್ಚೆಂದರೆ ಎರಡು ದಿನದ ನಷ್ಟ. ತಡವಾದರೂ ಆತನ ಜೇಬಿನಲ್ಲಿ ಪಾಸ್‌ಪೋರ್ಟ್ ಇತ್ತು. ಅದೇ ಬಿಸಿಲು, ಅದೇ ತಡ, ಅದೇ ಮುದ್ರೆ. ಟ್ಯಾಂಕಿನ ಹೊರಗಿದ್ದವನಿಗೆ ಅದು ಸಾಹಸ, ಒಳಗಿದ್ದವನಿಗೆ ಸಾವು. ಕನಫಾನಿಯನ್ನು ಓದಿದ ಮೇಲೆ ಈ ನೆನಪುಗಳನ್ನು ಮೊದಲಿನ ಖುಷಿಯಲ್ಲಿ ಓದಲು ನನಗಂತೂ ಆಗುವುದಿಲ್ಲ. ಹಾಗೆಂದು ಅವು ಸುಳ್ಳಾಗುವುದೂ ಇಲ್ಲ.

ಎರಡನೆಯದು ಅಬ್ದುಲ್ ರಹಮಾನ್ ಮುನೀಫ್ ಅವರ ‘ಉಪ್ಪಿನ ನಗರಗಳು’. ಅದರ ಮೊದಲ ಸಂಪುಟ ಬಂದದ್ದು 1984ರಲ್ಲಿ. ತೈಲ ಸಿಕ್ಕ ನಾಡೊಂದು ಹೇಗೆ ಬುಡಮೇಲಾಯಿತೆಂಬ ಆ ಬೃಹತ್ ಕಥೆಯಲ್ಲಿ ಅಕೂಬ್, ರಾಜಿ ಎಂಬ ಇಬ್ಬರು ಲಾರಿ ಡ್ರೈವರುಗಳು ಬರುತ್ತಾರೆ. ಅಕೂಬ್ ಆರ್ಮೇನಿಯದವನು. ಮುರುಕಲು ಗಾಡಿಗಳಲ್ಲಿ ಹರ್ರಾನ್ ಎಂಬ ಬಂದರಿಗೆ ಜನ, ಸಾಮಾನು, ಸುದ್ದಿ ಎಲ್ಲ ತರುವವರು ಇವರೇ. ಮೊದಲು ಹಾವು ಮುಂಗುಸಿ, ಆಮೇಲೆ ಜೀವದ ಗೆಳೆಯರು. ಹೊಸ ಗಾಡಿಗಳು ಬಂದು ಇವರ ಹೊಟ್ಟೆಪಾಡು ಮುರಿಯುತ್ತದೆ. ಹಳೆಯ ಲಾರಿಯೊಂದರ ಮೂಲಕ ಮುನೀಫ್ ಬಂಡವಾಳದ ಇಡೀ ಚಲನೆಯನ್ನು ತೋರಿಸಿಬಿಡುತ್ತಾರೆ. 1992ರಲ್ಲಿ ಅಮಿತಾವ್ ಘೋಷ್ ಮುನೀಫರ ಬಗ್ಗೆ ಬರೆಯುತ್ತ, ತೈಲದ ಸುತ್ತ ಇಷ್ಟೆಲ್ಲ ನಡೆದರೂ ಅದು ಸಾಹಿತ್ಯವಾದದ್ದು ತೀರ ಕಡಿಮೆ ಎಂದು ಸೋಜಿಗಪಟ್ಟಿದ್ದರು. ಡ್ರೈವರುಗಳ ನೆನಪುಗಳಿಗೆ ಆ ಖಾಲಿ ಜಾಗದಲ್ಲಿ ಒಂದು ಮೂಲೆಯಾದರೂ ಸಲ್ಲಬೇಕು. ಮುನೀಫರ ಒಳನೋಟ ಅವುಗಳಿಗಿಲ್ಲ, ಆದರೆ ರಸ್ತೆಯ ಧೂಳು ಅವುಗಳಲ್ಲಿ ನಿಜವಾಗಿ ಇದೆ.

ಆ ಓಡಾಟ ಬಹಳ ಕಾಲ ಬಾಳಲಿಲ್ಲ. ಕೊಲ್ಲಿಯಲ್ಲಿ ಹೊಸ ಬಂದರುಗಳಾದವು, ಕಂಟೇನರು ಹಡಗುಗಳು ಬಂದವು. 1979ರಲ್ಲಿ ಇರಾನಿನ ಕ್ರಾಂತಿ, ಮರುವರ್ಷ ಇರಾನ್-ಇರಾಕ್ ಯುದ್ಧ, 1990ರಲ್ಲಿ ಕುವೈತಿನ ಮೇಲಿನ ದಾಳಿ. ಟ್ಯಾಪ್‌ಲೈನಿನ ಕೊಳವೆಯೂ ಆ ವರ್ಷ ಪೂರ್ತಿ ಬತ್ತಿತು. 2011ರಿಂದ ಸಿರಿಯಾ ಹೊತ್ತಿ ಉರಿದಾಗ ಅಲೆಪ್ಪೊ, ದಮಾಸ್ಕಸ್‌ಗಳನ್ನು ಹಾದ ಹಳೆಯ ದಾರಿಯೇ ಇಲ್ಲವಾಯಿತು. ಈಚಿನ ನೆನಪುಗಳಲ್ಲಿ ಒಂದು ಹೊಸ ದನಿ ಕೇಳುತ್ತದೆ: ಸಿರಿಯಾದಲ್ಲಿ ತನಗೆ ರೊಟ್ಟಿ ಕೊಟ್ಟವನು ಏನಾದನೋ ಎಂಬ ಚಿಂತೆ. ಕೌಬಾಯ್ ಮುದುಕನಾದ ಮೇಲೆ ಹೆಸರು ಕೇಳದೆ ಬಂದದ್ದರ ನೋವು ತಟ್ಟಿದೆ. ಈ ಬರಹಗಳಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದವು ಇಂತಹ ಸಾಲುಗಳೇ.

ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಬರೆಯಬೇಕು ಎಂದು ಕೇಳಬಹುದು. ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡಿನ ಕಡೆಯಿಂದ ಅದೇ ದಶಕಗಳಲ್ಲಿ ಅದೇ ಕೊಲ್ಲಿಗೆ ಹೋದವರಿಗೆ ಲೆಕ್ಕವಿಲ್ಲ. ಬ್ರಿಟಿಷ್ ಲಾರಿಯಿಂದ ಸರಕು ಇಳಿಸಿದವರಲ್ಲಿ, ಅದರ ಬಿಲ್ಲು ಬರೆದವರಲ್ಲಿ, ಆಮೇಲೆ ಆ ರಸ್ತೆಗಳಲ್ಲಿ ತಾವೇ ಗಾಡಿ ಓಡಿಸಿದವರಲ್ಲಿ ನಮ್ಮವರೂ ಇದ್ದಾರು. ಮಲಯಾಳದಲ್ಲಿ 2008ರಲ್ಲಿ ಬೆನ್ಯಾಮಿನ್ ಅವರ ‘ಆಡುಜೀವಿತಂ’ ಬಂತು. ಸೌದಿಯ ಮರಳಿನಲ್ಲಿ ಆಡುಗಳ ನಡುವೆ ಸಿಕ್ಕಿಬಿದ್ದವನೊಬ್ಬನ ಬಾಳು ಆ ಭಾಷೆಯವರ ಮನೆಮಾತಾಯಿತು. ನಮ್ಮಲ್ಲಿ ಕೊಲ್ಲಿಯಿಂದ ಬಂದವರು ಕಟ್ಟಿದ ಮನೆಗಳಿವೆ, ಮದುವೆಗಳ ನೆನಪಿದೆ, ತಂದ ಟೇಪ್‌ರೆಕಾರ್ಡರಿನ ಕಥೆಯಿದೆ. ಅಲ್ಲಿ ಎಷ್ಟು ಹೊತ್ತು ಯಾರ ಬಾಗಿಲಲ್ಲಿ ನಿಂತಿದ್ದರು ಎಂಬುದನ್ನು ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಬಹುಶಃ ಹೇಳುವಂತಹ ಸಾಹಸವೇನೂ ಅದರಲ್ಲಿ ಇಲ್ಲವೆಂದು ಅವರ ಭಾವನೆ. ಬ್ರಿಟಿಷ್ ಡ್ರೈವರುಗಳಿಂದ ಕಲಿಯಬೇಕಾದದ್ದು ಇಷ್ಟು: ಟಯರು ಬದಲಿಸಿದ್ದನ್ನೂ ಸರದಿಯಲ್ಲಿ ನಿಂತದ್ದನ್ನೂ ಬರೆಯಬಹುದು, ಓದುವವರಿದ್ದಾರೆ. ಬರೆಯುವಾಗ ಪಕ್ಕದಲ್ಲಿ ನಿಂತವನ ಹೆಸರನ್ನೂ ಬರೆಯಬೇಕು. ಅದನ್ನು ಅವರಿಂದ ಕಲಿಯುವಂತಿಲ್ಲ.